ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ‘ಐ-ಕೋರ್’ ತರಬೇತಿಯಿಂದ ಬಯೋಮೆಡಿಕಲ್ ಸ್ಟಾರ್ಟಪ್‌ಗಳಿಗೆ ಏನು ಲಾಭ?

ಗಿರಾಕಿ ನಿಜಕ್ಕೂ ಯಾರು ಅನ್ನೋದು ಗೊತ್ತಾಗುತ್ತದೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) 2011ರಲ್ಲಿ ಶುರು ಮಾಡಿದ ಈ ಸರ್ಕಾರಿ ತರಬೇತಿಯನ್ನು ಎನ್‌ಐಎಚ್ 2014ರಲ್ಲಿ ತನ್ನ ಅನುದಾನ ಪಡೆದ ಪುಟ್ಟ ಕಂಪನಿಗಳಿಗೂ ತಂದಿತು. ಕಂಪನಿಯ ಮುಖ್ಯಸ್ಥರು, ವಿಜ್ಞಾನಿ, ಉದ್ಯಮ ಬಲ್ಲವರು ಹೀಗೆ ಮೂವರ ತಂಡ. ಸುಮಾರು 8 ವಾರದಲ್ಲಿ 100 ಜನರನ್ನಾದರೂ ಮಾತಾಡಿಸಬೇಕು. “ನಮ್ಮ ಸಾಧನ ಹೇಗಿದೆ?” ಅಂತಲ್ಲ, “ಈಗ ಈ ಕೆಲಸ ಹೇಗೆ ಮಾಡ್ತೀರಿ, ಎಲ್ಲಿ ತೊಡಕಾಗುತ್ತೆ?” ಅಂತ ಕೇಳಬೇಕು.

ಡಾಕ್ಟರಿಗೆ ಇಷ್ಟವಾದರೆ ಸಾಕು ಅಂತ ಸ್ಟಾರ್ಟಪ್‌ನವರು ಸುಮ್ನೆ ಅಂದುಕೊಂಡಿರುತ್ತಾರೆ. ಆದರೆ ಎಷ್ಟೋ ಸಲ ಬಳಸುವವರು ನರ್ಸ್, ಖರೀದಿಗೆ ಒಪ್ಪಬೇಕಾದ್ದು ಆಸ್ಪತ್ರೆಯ ಸಮಿತಿ, ದುಡ್ಡು ಕೊಡುವುದು ವಿಮಾ ಕಂಪನಿ. “ಇದು ಮಾರಾಟವಾಗಲ್ಲ” ಅಂತ ಕ್ಲಿನಿಕಲ್ ಟ್ರಯಲ್‌ಗೆ ದುಡ್ಡು ಸುರಿಯುವ ಮುಂಚೆಯೇ ತಿಳಿದರೆ ನನ್ನ ಪ್ರಕಾರ ಅದೇ ದೊಡ್ಡ ಲಾಭ, ಅಲ್ವಾ? ಸಂದರ್ಶನಗಳನ್ನು ಮಾತ್ರ ತಂಡದವರೇ ಮಾಡಬೇಕು, ಬೇರೆಯವರಿಗೆ ಒಪ್ಪಿಸಿದರೆ ಉಪಯೋಗವಿಲ್ಲ.