ಎರಡು ಲ್ಯಾಬ್, ಎರಡು ಪಿಎಸ್ಎ ಅಂಕಿ

ಅಪ್ಪನ ಪ್ರಾಸ್ಟೇಟ್ ತೆಗೆದು ಎಂಟು ತಿಂಗಳಾಯಿತು, ಮಂಗಳೂರಿನ ಲ್ಯಾಬಿನಲ್ಲಿ 0.04 ಇದ್ದ ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಪ್ರೋಟೀನ್) ಈಗ ಕಾಸರಗೋಡಿನಲ್ಲಿ 0.07 ಬಂದಿದೆ, ಕ್ಯಾನ್ಸರ್ ಮರಳಿತಾ ಅಂತ ಕೇಳಿದ್ದೀರಿ. ಇಷ್ಟರಿಂದಲೇ ಹಾಗೆ ಹೇಳಲು ಆಗುವುದಿಲ್ಲ. ಮಿಷನ್ ಬೇರೆ, ಕಿಟ್ ಬೇರೆ. ಇಷ್ಟು ಸಣ್ಣ ಅಂಕಿ ಏರುಪೇರಾಗಲು ಅದೇ ಸಾಕು. ಮೊದಲಿನ ಲ್ಯಾಬಲ್ಲೇ ಇನ್ನೊಮ್ಮೆ ಮಾಡಿಸಿ.

ನಮಗೂ ಹೀಗೇ ಆಗಿತ್ತು. ಬದಿಯಡ್ಕದಿಂದ ಮಂಗಳೂರಿಗೆ ಅಪ್ಪನನ್ನು ಬಸ್ಸಲ್ಲಿ ಕುಲುಕಿಸುವುದು ಯಾಕೆ ಅಂತ ಊರಲ್ಲೇ ರಕ್ತ ಕೊಟ್ಟೆವು. ಹಿಂದಿನದು 0.03 ಇತ್ತು. ಹೊಸ ವರದಿಯಲ್ಲಿ ಬರೀ '0.1ಕ್ಕಿಂತ ಕಡಿಮೆ'. ಹೋಲಿಸುವುದು ಹೇಗೆ? ಆಮೇಲೆ ಒಂದೇ ಲ್ಯಾಬ್ ಹಿಡಿದೆವು. ಅಡಿಕೆ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ತಾರೀಕು, ಅಂಕಿ ಬರೆದಿಡುತ್ತೇವೆ. ಡಾಕ್ಟರು ಮೊದಲು ಕೇಳುವುದೇ ಆ ಪುಟ!

ಸಾಮಾನ್ಯವಾಗಿ 0.2 ಅಥವಾ ಅದಕ್ಕಿಂತ ಜಾಸ್ತಿ ಬಂದು, ಮತ್ತೆ ಮಾಡಿಸಿದಾಗಲೂ ಹಾಗೇ ಇದ್ದರೆ ಕಾಯಿಲೆ ಮರುಕಳಿಸಿದೆ ಅಂತ ಲೆಕ್ಕ. ಹಾಗಂತ ಒಂದೇ ಲ್ಯಾಬಿನಲ್ಲಿ ಪ್ರತಿ ಸಲ ಏರುತ್ತಾ ಹೋದರೆ 0.2 ಆಗಲಿ ಅಂತ ಸುಮ್ನೆ ಕೂರಬೇಡಿ. ಯುರಾಲಜಿಸ್ಟ್ ಹತ್ತಿರ ಹೋಗಿ. ರೇಡಿಯೇಷನ್ ಬೇಕಾಗಿ ಬಂದರೆ ಪಿಎಸ್ಎ ಕಡಿಮೆ ಇರುವಾಗಲೇ ಅದರ ಫಲ ಜಾಸ್ತಿ. ಆಪರೇಷನ್ ನಂತರದ ಪೆಥಾಲಜಿ ವರದಿಯನ್ನೂ (ತೆಗೆದ ಗ್ರಂಥಿಯನ್ನು ಪರೀಕ್ಷಿಸಿ ಕೊಟ್ಟದ್ದು) ಒಯ್ಯಿರಿ. ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಅಂತ ತೋರಿಸುವ ಅಂಕ) ಎಷ್ಟು, ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಇತ್ತಾ ಅನ್ನುವುದು ಅದರಲ್ಲಿರುತ್ತದೆ.

ಅಂದ ಹಾಗೆ, ನಿಮ್ಮ ಅಪ್ಪ ಬಯೋಟಿನ್ ಇರುವ ವಿಟಮಿನ್ ಮಾತ್ರೆ ತಗೊಳ್ಳುತ್ತಾರಾ? ಲ್ಯಾಬಿನವರಿಗೆ ಮೊದಲೇ ಹೇಳಿ. ಕೆಲವು ಮಿಷನ್‌ಗಳಲ್ಲಿ ಅದರಿಂದ ಅಂಕಿ ತಪ್ಪುತ್ತದೆ.