ಆಡೋದು ಬೇರೆ, ಆಡಿಸೋದು ಬೇರೆ

ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಕ್ರೀಡೆ, ವ್ಯಾಯಾಮ, ದೈಹಿಕ ಶಿಕ್ಷಣದ ಕೋರ್ಸ್‌ಗಳ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ಈ ಸಲ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದೇ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ.

ಪ್ರಶ್ನೆ: ನಾನು ಅಂಕೋಲಾ ಹತ್ತಿರದ ಹಳ್ಳಿಯವಳು. ಬಿ.ಎ. ಕೊನೆಯ ವರ್ಷ. ಹೈಸ್ಕೂಲಿನಿಂದ ಕಬಡ್ಡಿ ಆಡುತ್ತಿದ್ದೇನೆ, ಎರಡು ವರ್ಷ ಕಾಲೇಜು ತಂಡದಲ್ಲೂ ಇದ್ದೆ. ದೈಹಿಕ ಶಿಕ್ಷಣ ಶಿಕ್ಷಕಿಯಾಗಲು ಬಿ.ಪಿ.ಇಡಿ. ಮಾಡುವ ಆಸೆ. ಮನೆಯಲ್ಲಿ ‘ಸೀಟಿ ಊದೋಕೆ ಎರಡು ವರ್ಷ ಓದಬೇಕಾ? ಸುಮ್ನೆ ಬಿ.ಇಡಿ. ಮಾಡು’ ಅಂತಾರೆ. ಸೇರಲು ಏನು ಬೇಕು? ಏನು ಕಲಿಸುತ್ತಾರೆ? ಕೆಲಸ ಸಿಗುತ್ತದಾ?

ತಂಗಿ, ಮನೆಯವರ ಮಾತಿನಿಂದಲೇ ಶುರು ಮಾಡೋಣ. ಸೀಟಿ ಊದೋಕೆ ಎರಡು ವರ್ಷ ಖಂಡಿತ ಬೇಡ. ಆದರೆ ನಲವತ್ತು ಮಕ್ಕಳನ್ನು ಒಂದೇ ಅಂಗಳದಲ್ಲಿ, ಯಾರಿಗೂ ಪೆಟ್ಟಾಗದ ಹಾಗೆ, ಯಾರೂ ಮೂಲೆಯಲ್ಲಿ ಕೂರದ ಹಾಗೆ ಒಂದು ಪೀರಿಯಡ್ ಆಡಿಸಲು ಎರಡು ವರ್ಷ ಬೇಕೇ ಬೇಕು.

ಒಂದು ಉದಾಹರಣೆ ಕೊಡುತ್ತೇನೆ, ಮನೆಯಲ್ಲಿ ಹೇಳು. ಕ್ರೀಡಾಕೂಟದ ಹಿಂದಿನ ದಿನ ಪಿ.ಟಿ. ಮಾಸ್ತರು ಹಗ್ಗ, ಗೂಟ, ಟೇಪು, ಸುಣ್ಣದ ಪುಡಿ ಹಿಡಿದುಕೊಂಡು ಮೈದಾನದಲ್ಲಿ ಬಗ್ಗಿ ನಡೆಯುವುದನ್ನು ನೋಡಿರುತ್ತೀಯ. ಪೂರ್ತಿ ಒಂದು ಸುತ್ತಿನ ಓಟದಲ್ಲಿ ಹೊರಗಿನ ಲೇನಿನವರನ್ನು ಮುಂದೆ ನಿಲ್ಲಿಸುತ್ತಾರಲ್ಲ, ಎಷ್ಟು ಮುಂದೆ? ಲೇನಿನ ಅಗಲ 1.22 ಮೀಟರ್. ಎರಡು ತಿರುವು ಸೇರಿದರೆ ಒಂದು ಪೂರ್ತಿ ವೃತ್ತ. ವೃತ್ತದ ತ್ರಿಜ್ಯ 1.22 ಮೀಟರ್ ಹೆಚ್ಚಾದರೆ ಸುತ್ತಳತೆ 7.66 ಮೀಟರ್ ಹೆಚ್ಚುತ್ತದೆ. ಒಳ ಅಂಚಿಗೆ ಕಟ್ಟೆ ಇರುವ ಟ್ರ್ಯಾಕಿನಲ್ಲಿ ಮೊದಲ ಲೇನನ್ನು ಅಂಚಿನಿಂದ 30 ಸೆಂಟಿಮೀಟರ್, ಉಳಿದವನ್ನು 20 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಹಾಗಾಗಿ ಎರಡನೇ ಲೇನಿಗೆ 7.04 ಮೀಟರ್, ಅದರಾಚೆಯ ಪ್ರತಿ ಲೇನಿಗೆ ಇನ್ನೂ 7.66 ಮೀಟರ್. ಮೈದಾನ ಚಿಕ್ಕದಾದರೆ ಈ ಅಂತರವೂ ಕಡಿಮೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 400 ಮೀಟರ್ ಟ್ರ್ಯಾಕ್ ಇರಲಿ, ಶಾಲೆ ಹಿಂದಿನ 200 ಮೀಟರ್ ಟ್ರ್ಯಾಕ್ ಇರಲಿ, ಲೇನಿನ ಅಗಲ ಅಷ್ಟೇ ಇದ್ದರೆ ಪೂರ್ತಿ ಸುತ್ತಿಗೆ ಅಂತರವೂ ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕೂಟದಲ್ಲಿ ಯಾರೋ ಅಂದಾಜಿನಲ್ಲಿ ಗುರುತು ಹಾಕಿದ್ದರು. ನಾನು ಅಳೆದು ನೋಡಲಿಲ್ಲ. ಹೊರ ಲೇನಿನ ಹುಡುಗಿ ಎರಡು ಮೀಟರ್ ಜಾಸ್ತಿ ಓಡಿ, ಕೂದಲೆಳೆಯಲ್ಲಿ ಎರಡನೆಯವಳಾದಳು. ತಾಲೂಕು ಮಟ್ಟಕ್ಕೆ ಹೋಗಲಿಲ್ಲ. ಓಟ ಮುಗಿದ ಮೇಲೆ ಟೇಪು ಹಿಡಿದೆ. ಆಗ ಏನು ಪ್ರಯೋಜನ? ಆ ಮಗುವಿನ ಮುಖ ನನಗೆ ಇವತ್ತಿಗೂ ನೆನಪಿದೆ.

ಬಿ.ಪಿ.ಇಡಿ.ಯಲ್ಲಿ ಇಂಥದ್ದನ್ನೇ ಕಲಿಸುತ್ತಾರೆ. ಮೂಳೆ, ಮಾಂಸಖಂಡ, ಹೃದಯ ಹೇಗೆ ಕೆಲಸ ಮಾಡುತ್ತವೆ, ಪೆಟ್ಟಾದಾಗ ಮೊದಲ ಐದು ನಿಮಿಷ ಏನು ಮಾಡಬೇಕು, ಮಕ್ಕಳ ಮನಸ್ಸು, ತರಬೇತಿಯ ಲೆಕ್ಕಾಚಾರ, ಯೋಗ, ಅಂಪೈರಿಂಗ್, ಕ್ರೀಡಾಕೂಟದ ವ್ಯವಸ್ಥೆ. ಬೆಳಗ್ಗೆ ಸಂಜೆ ಮೈದಾನ, ನಡುವೆ ತರಗತಿ. ಕಬಡ್ಡಿ ಗೊತ್ತಿದ್ದರೆ ಸಾಲದು, ಅಥ್ಲೆಟಿಕ್ಸ್, ಜಿಮ್ನಾಸ್ಟಿಕ್ಸ್, ಲೇಜಿಮ್, ಡಂಬೆಲ್ಸ್ ಎಲ್ಲ ಮಾಡಬೇಕು. ಪಾಠ ಯೋಜನೆ ಬರೆದುಕೊಂಡು ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಕಲಿಸಬೇಕು. ಚೆನ್ನಾಗಿ ಆಡುವ ಹಲವರು ಸೋಲುವುದು ಅಲ್ಲೇ. ತನಗೆ ಸಲೀಸಾಗಿ ಬರುವುದು ಎದುರಿಗಿರುವ ಮಗುವಿಗೆ ಯಾಕೆ ಬರುತ್ತಿಲ್ಲ ಎಂದು ನೋಡುವ ತಾಳ್ಮೆ ಅವರಿಗಿರುವುದಿಲ್ಲ.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡು. ನೀನು ಓದಿದ ಶಾಲೆಯ ಹೆಡ್‌ಮಾಸ್ತರನ್ನು ಕೇಳಿ, ಒಂದು ವಾರ ಸಂಜೆ ಏಳನೇ ತರಗತಿ ಮಕ್ಕಳನ್ನು ಆಡಿಸು. 12 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣ ನೀನೇ ಅಳೆದು ಹಾಕು. ಚುರುಕಾಗಿ ರೈಡ್ ಮಾಡುವ ಹುಡುಗಿಯ ಮೇಲೆ ನಿನ್ನ ಕಣ್ಣು ತಾನಾಗೇ ಹೋಗುತ್ತದೆ, ಅದರಲ್ಲಿ ವಿಶೇಷವಿಲ್ಲ. ಗೆರೆಯಾಚೆ ನಿಂತು ‘ನಂಗೆ ಬರೂದಿಲ್ಲ’ ಅನ್ನುವ ಹುಡುಗಿಯನ್ನು ಒಳಗೆ ಕರೆಯಬೇಕು ಅಂತ ನಿನಗೆ ಅನಿಸಿತಾ? ಅನಿಸಿದರೆ ಈ ಕೋರ್ಸ್ ನಿನ್ನದೇ. ಅನಿಸದಿದ್ದರೆ ಆಟಗಾರ್ತಿಯಾಗಿ ಮುಂದುವರಿ, ಬಿ.ಇಡಿ. ಮಾಡು. ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ಅರ್ಹತೆ. ಯಾವುದೇ ಡಿಗ್ರಿಯಲ್ಲಿ ಶೇ 50 ಅಂಕ, ಜೊತೆಗೆ ಕನಿಷ್ಠ ಶಾಲಾ, ಜಿಲ್ಲಾ ಅಥವಾ ಅಂತರ ಕಾಲೇಜು ಮಟ್ಟದ ಮಾನ್ಯ ಕ್ರೀಡಾಕೂಟದಲ್ಲಿ ಭಾಗವಹಿಸಿರಬೇಕು. ರಾಜ್ಯ ಅಥವಾ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದವರಿಗೆ, ಅಂತರ ಕಾಲೇಜು ಕೂಟದಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ಶೇ 45 ಸಾಕು. ಮೀಸಲಾತಿಯ ರಿಯಾಯಿತಿ ಬೇರೆ ಇದೆ. ಹಾಗಾಗಿ ನಿನ್ನ ಸರ್ಟಿಫಿಕೇಟುಗಳೇ ಆಸ್ತಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಟ್ರಂಕಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಸಂದರ್ಶನಕ್ಕೆ ಬಂದ ಹುಡುಗನೊಬ್ಬನ ಸರ್ಟಿಫಿಕೇಟಿನಲ್ಲಿ ಸೀಲು ಹರಡಿ ನೀಲಿ ಮಚ್ಚೆಯಾಗಿತ್ತು, ವರ್ಷವೇ ಕಾಣುತ್ತಿರಲಿಲ್ಲ. ಇವತ್ತೇ ಎಲ್ಲವನ್ನೂ ಸ್ಕ್ಯಾನ್ ಮಾಡಿಸು. ಪ್ಲಾಸ್ಟಿಕ್ ಫೈಲಿಗೆ ಹಾಕಿ ಒಣ ಜಾಗದಲ್ಲಿಡು. ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯಾ ನೋಡು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅಲ್ಲೇ ದೈಹಿಕ ಶಿಕ್ಷಣ ವಿಭಾಗ ಇದೆ. ಅರಬೈಲ್ ಘಾಟಿ ಹತ್ತಿ ಯಲ್ಲಾಪುರದ ಮೇಲೆ ಹೋದರಾಯಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೂಡುಬಿದಿರೆ ಕಡೆಗೂ ನಮ್ಮ ಮಕ್ಕಳು ಹೋಗುತ್ತಾರೆ. ಎಲ್ಲೇ ಸೇರು, ಆ ಕೋರ್ಸಿಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಮಾನ್ಯತೆ ಇದೆಯಾ ಎಂದು ಹಣ ಕಟ್ಟುವ ಮೊದಲು ನೋಡು. ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ಬಿ.ಪಿ.ಇಡಿ. ಕೋರ್ಸಿಗೇ ಇರಬೇಕು.

ಕೆಲಸದ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಕೆಲಸ ಸಿಗುತ್ತದೆ, ಶುರುವಿನ ಸಂಬಳ ಕಡಿಮೆ. ಡಿಗ್ರಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ ಆಗಬೇಕಾದರೆ ಮುಂದೆ ಎರಡು ವರ್ಷ ಎಂ.ಪಿ.ಇಡಿ. ಮಾಡಿ ಶೇ 55 ಅಂಕ ತೆಗೆಯಬೇಕು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಯುಜಿಸಿ ನಿಯಮದಲ್ಲಿ ಓಟವೂ ಇದೆ: 30 ವರ್ಷದವರೆಗಿನ ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್, ಗಂಡಸರು 12 ನಿಮಿಷದಲ್ಲಿ 1800 ಮೀಟರ್. ಓದಿನ ಗಡಿಬಿಡಿಯಲ್ಲಿ ಓಡುವುದನ್ನು ಬಿಡಬೇಡ.

ಒಂದು ಮಾತು ಹೇಳದೆ ಇರಲಾರೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ತಂದಿತ್ತು. ನಮ್ಮ ಜಿಲ್ಲೆಯ ಮಕ್ಕಳು ಅಲ್ಲಿಂದ ದೊಡ್ಡ ಕೂಟಗಳವರೆಗೂ ಓಡಿದರು. 1990ರ ದಶಕದ ಮೊದಲ ವರ್ಷಗಳಲ್ಲೇ ಅದು ನಿಂತಿತು. ಯೋಜನೆ ಬರುತ್ತದೆ, ಹೋಗುತ್ತದೆ. ಹಳಿಯಾಳದ ಕಾಡಂಚಿನ ಶಾಲೆಯಲ್ಲಿ ಓಡುವ ಮಗುವನ್ನು ಮೊದಲು ಕಾಣುವವರು ಅಲ್ಲಿಯ ಪಿ.ಟಿ. ಟೀಚರ್. ನಿನ್ನಂಥವರು ಅಲ್ಲಿಗೆ ಬೇಕು.

ಪ್ರಶ್ನೆ: ಶಿರಸಿ ಕಡೆಯ ಅಡಿಕೆ ಬೆಳೆಗಾರ ನಾನು. ಮಗ ದ್ವಿತೀಯ ಪಿಯುಸಿ ವಿಜ್ಞಾನ. ದಿನಾ ಜಿಮ್‌ಗೆ ಹೋಗುತ್ತಾನೆ. ಎರಡು ತಿಂಗಳ ಕೋರ್ಸ್ ಮಾಡಿ ಫಿಟ್‌ನೆಸ್ ಟ್ರೇನರ್ ಆಗ್ತೇನೆ ಅಂತಾನೆ. ಬಿಡಬಹುದೇ?

ಕೆಲಸ ಕೆಟ್ಟದ್ದಲ್ಲ. ಎರಡೇ ತಿಂಗಳು ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾರಾಂತ್ಯದ ತರಬೇತಿ ಮುಗಿಸಿ ಟ್ರೇನರ್ ಆದ. ಸೊಂಟ ನೋವು ಅಂದ ಮೀನುಗಾರ ಹುಡುಗನಿಗೆ ‘ಇನ್ನೂ ಸ್ವಲ್ಪ ಭಾರ ಎತ್ತು’ ಅಂದ. ಆ ಹುಡುಗ ಮೂರು ತಿಂಗಳು ದೋಣಿ ಹತ್ತಲಿಲ್ಲ. ಕಲಿಸಿದವರು ನೋವನ್ನು ಗುರುತಿಸುವುದನ್ನೇ ಹೇಳಿಕೊಟ್ಟಿರಲಿಲ್ಲ.

ಮಗನಿಗೆ ಜೀವಶಾಸ್ತ್ರ ಇದ್ದರೆ ಫಿಸಿಯೋಥೆರಪಿಯ ಬಗ್ಗೆ ಯೋಚಿಸಿ. ಬಿ.ಪಿ.ಟಿ. ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್. ಆಮೇಲೆ ಕ್ರೀಡಾ ಫಿಸಿಯೋಥೆರಪಿಯಲ್ಲಿ ಎಂ.ಪಿ.ಟಿ. ಮಾಡಬಹುದು. ಆಟಗಾರರಷ್ಟೇ ಬರುತ್ತಾರೆ ಅಂದುಕೊಳ್ಳಬೇಡಿ. ನಿಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡರ ಭುಜ, ಮೊಣಕಾಲು ನೋಡಿದ್ದೀರಲ್ಲ? ದಿನಕ್ಕೆ ಎಷ್ಟು ಮರ ಹತ್ತಿ ಇಳಿಯುತ್ತಾರೆ, ಯಾವ ಕೈ ಮೇಲೆ ಭಾರ ಬೀಳುತ್ತದೆ ಎಂದು ತಿಳಿದ ಫಿಸಿಯೋ ಶಿರಸಿ, ಸಿದ್ದಾಪುರ ಕಡೆ ಇದ್ದರೆ ಎಷ್ಟು ಜನಕ್ಕೆ ಅನುಕೂಲ!

ಟ್ರೇನರ್ ಆಗುವುದೇ ಹಟ ಅಂದರೆ ಡಿಗ್ರಿ ಬಿಡಿಸಬೇಡಿ. ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಪದವಿ ಕೋರ್ಸ್‌ಗಳೂ ಈಗ ಇವೆ, ವಿಚಾರಿಸಿ. ಇಲ್ಲವಾದರೆ ಬೇರೆ ಡಿಗ್ರಿ ಓದುತ್ತಲೇ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವ ಕಡೆ ಮಾಡಲಿ. ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ತರಬೇತಿ ಅದರಲ್ಲಿ ಕಡ್ಡಾಯವೇ ಎಂದು ಕೇಳಿ. ‘ಅದೆಲ್ಲ ಬೇಕಾಗಿಲ್ಲ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಕಾರವಾರದವನು, ವಯಸ್ಸು 32, ಬಿ.ಕಾಂ. ಆಗಿದೆ. ವಿಶ್ವವಿದ್ಯಾಲಯ ತಂಡದಲ್ಲಿ ವಾಲಿಬಾಲ್ ಆಡಿದ್ದೆ. ಸಂಜೆ ಬೀಚಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಕೋಚ್ ಎನ್ನಲು ಒಂದು ಮಾನ್ಯ ಸರ್ಟಿಫಿಕೇಟ್ ಬೇಕು.

ನಿಮಗೆ ಬೇಕಾದದ್ದು ಬಿ.ಪಿ.ಇಡಿ. ಅಲ್ಲ. ಅದು ಶಾಲೆಯಲ್ಲಿ ಕಲಿಸುವವರಿಗೆ. ಒಂದೇ ಆಟದ ಕೋಚ್ ಆಗಲು ಪಟಿಯಾಲಾದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋರ್ಸ್ ನೋಡಿ. 1961ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ಕೆಲಸ, ಮನೆ ಬಿಟ್ಟು ವರ್ಷವಿಡೀ ಹೋಗಲು ಆಗದಿದ್ದರೆ ಆರು ವಾರದ್ದರಿಂದ ಶುರು ಮಾಡಿ. ಕೋಚ್ ಹುದ್ದೆಗೆ ಅರ್ಜಿ ಹಾಕುವಾಗ ಡಿಪ್ಲೊಮಾಗೇ ತೂಕ ಜಾಸ್ತಿ, ಅದು ನೆನಪಿರಲಿ. ವಯಸ್ಸಿನ ಮಿತಿಯನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ, ತಡ ಮಾಡಬೇಡಿ.

ಅಲ್ಲಿಯವರೆಗೆ ಮರಳಿನಲ್ಲಷ್ಟೇ ಆಡಿಸಬೇಡಿ. ಮರಳಿನಲ್ಲಿ ಜಿಗಿದರೆ ಮೊಣಕಾಲಿಗೆ ಪೆಟ್ಟು ಕಡಿಮೆ, ನಿಜ. ಆದರೆ ಅಲ್ಲೇ ಕಲಿತ ಮಕ್ಕಳು 18ಕ್ಕೆ 9 ಮೀಟರ್‌ನ ಗಟ್ಟಿ ಅಂಕಣಕ್ಕೆ ಬಂದಾಗ ಜಿಗಿತದ ಸಮಯ ತಪ್ಪುತ್ತದೆ. ವಾರಕ್ಕೆ ಎರಡು ದಿನವಾದರೂ ಯಾವುದಾದರೂ ಶಾಲೆಯ ಅಂಗಳ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರು, ಹುಟ್ಟಿದ ತಾರೀಖು, ಎತ್ತರ, ಬಂದ ದಿನ ಬರೆದಿಡಿ. ಕೂಟಕ್ಕೆ ಕಳಿಸುವಾಗ ವಯಸ್ಸಿನ ತಕರಾರು ಬಂದರೆ ಮೊದಲು ಕೈಗೆ ಬರುವುದು ಆ ಪುಸ್ತಕವೇ.