ಅಜ್ಜಿಯ ಹಿತ್ತಾಳೆ ತಪ್ಪಲೆಗೆ ಕಲಾಯಿ

ಪ್ರಶ್ನೆ: ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿರುವ ಹಿತ್ತಾಳೆ ತಪ್ಪಲೆಯ ಕಲಾಯಿ ಹೋಗಿ, ಒಳಗೆ ಹಳದಿ ಕಾಣುತ್ತಿದೆ. ಅದರಲ್ಲಿ ಅಡುಗೆ ಮಾಡಬಹುದೇ? ಕಂಠದ ಮೇಲೆ ಚುಕ್ಕಿಗಳಲ್ಲಿ ಕೊರೆದಿರುವ ಅಜ್ಜಿಯ ಹೆಸರನ್ನು ಉಳಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಕಲಾಯಿ ಹಾಕಿಸಿದ ಮೇಲೆ ಧಾರಾಳವಾಗಿ ಮಾಡಬಹುದು, ಅದಕ್ಕೆ ಮೊದಲು ಬೇಡ. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹವಾದುದರಿಂದ, ಹುಣಸೆಹಣ್ಣು, ಮಜ್ಜಿಗೆಯಂತಹ ಹುಳಿ ಪದಾರ್ಥಗಳು ತಾಗಿದಾಗ ಆ ಲೋಹಗಳು ಅಡುಗೆಯಲ್ಲಿ ಬೆರೆತು, ಹೊಟ್ಟೆ ತೊಳೆಸಿ ವಾಂತಿಯಾಗಬಹುದು. ಕಲಾಯಿಯೆಂದರೆ ತವರದ ತೆಳುವಾದ ಲೇಪ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ಪುಡಿ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಉಜ್ಜುತ್ತ ಹೋದಂತೆ ಒಳಮೈಯೆಲ್ಲ ಬೆಳ್ಳಗೆ ಹೊಳೆಯತೊಡಗುತ್ತದೆ. ತವರದಲ್ಲಿ ಸೀಸ ಬೆರೆತಿಲ್ಲವೆಂಬುದನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ, ಬರಿದಾದ ತಪ್ಪಲೆಯನ್ನು ಉರಿಯ ಮೇಲಿಡಬೇಡಿ.

ಹೆಸರಿನ ವಿಷಯ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಹೀಗೆ ಹೆಸರು ಕೊರೆಸುವ ವಾಡಿಕೆ ನಮ್ಮ ಹಾಸನದ ಕಡೆಯೂ ಇತ್ತು. ಆ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಾಗಲಿ ಪತ್ರದಲ್ಲಾಗಲಿ ಸಿಗುವುದಿಲ್ಲ, ಪಾತ್ರೆಯ ಮೇಲಷ್ಟೇ ಉಳಿದಿರುತ್ತದೆ. ಯಂತ್ರದಲ್ಲಿ ಪಾಲಿಶ್ ಮಾಡಿಸಿದರೆ ಆ ಚುಕ್ಕಿಗಳು ಸವೆದುಹೋಗುತ್ತವೆ. ಆದ್ದರಿಂದ ಕಲಾಯಿಯನ್ನು ಒಳಗೆ ಮಾತ್ರ ಹಾಕಿಸಿ, ಹೊರಮೈಯನ್ನು ಹುಣಸೆಹಣ್ಣಿನಿಂದ ಕೈಯಲ್ಲೇ ಮೆಲ್ಲಗೆ ಉಜ್ಜಿ, ಕೂಡಲೇ ತೊಳೆದು ಒರೆಸಿಡಿ.